ಹಾಲಿನಲ್ಲಿ ಇಳಿಬಿಟ್ಟ ಎರಡು ದಾರ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಒಬ್ಬ ಮನುಷ್ಯನ ಮೇಲೆ ದೂರಿನ ಕಾಗದ ಬರೆದೆ. ಆತ ಜಗಳೂರಿನಿಂದಾಚೆ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಎಮ್ಮೆಗಳಿಗೆ ಕೊಡಬೇಕಾದ ಔಷಧಿಯಲ್ಲಿ ಮುಕ್ಕಾಲು ಭಾಗ ಇಟ್ಟುಕೊಂಡು, ಉಳಿದದ್ದಕ್ಕೆ ನೀರು ಸೇರಿಸಿ ಏರಿಸುತ್ತಿದ್ದಾನೆ ಎಂಬುದು ಕಾಗದದ ಸಾರಾಂಶ. ನನಗಾಗ ಇಪ್ಪತ್ತಾರೋ ಇಪ್ಪತ್ತೇಳೋ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದೆ. ಯಾವುದನ್ನೂ ಸುಮ್ಮನೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಮಾತನ್ನು ನಾನು ಬೇರೆಯವರಿಗೆ ಮಾತ್ರ ಅನ್ವಯಿಸುತ್ತಿದ್ದೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಎಮ್ಮೆಗೆ ಕೆಚ್ಚಲು ಬಾವು ಬಂದರೆ ಮೊಲೆತೊಟ್ಟಿನ ಮೂಲಕ ಔಷಧಿ ಏರಿಸುತ್ತಾರೆ. ಆಮೇಲೆ ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ಆ ಔಷಧಿ ಹಾಲಿನಲ್ಲಿ ಇಳಿಯುತ್ತದೆ ಎಂದು ನಾನು ಅಳೆಯಬೇಕಿತ್ತು. ಹಾಲಿನಲ್ಲಿ ನೇರವಾಗಿ ಅಳೆಯಲು ಬರುವುದಿಲ್ಲ, ಕೊಬ್ಬು ಪ್ರೋಟೀನುಗಳು ಅಡ್ಡ ಬರುತ್ತವೆ. ಅದಕ್ಕೆ ನಮ್ಮ ಮೇಷ್ಟ್ರು ಒಂದು ದಾರಿ ಹುಡುಕಿದ್ದರು. ಮೂತ್ರಪಿಂಡ ಕೆಟ್ಟವರ ರಕ್ತ ಸೋಸುವ ಯಂತ್ರದಲ್ಲಿ ಒಂದು ಕೊಳವೆ ಇರುತ್ತದೆ. ಅದರ ತುಂಬ ಕುದುರೆ ಬಾಲದ ಕೂದಲಿನಷ್ಟು ದಪ್ಪದ, ಒಳಗೆ ಟೊಳ್ಳಾದ ಎಳೆಗಳು. ಅವಧಿ ಮೀರಿ ಬಿಸಾಡಲಿಟ್ಟಿದ್ದ ಒಂದು ಕೊಳವೆಯನ್ನು ಎಲ್ಲಿಂದಲೋ ತರಿಸಿ, ಕೊಯ್ದು, ಎಳೆಗಳನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು.

ಒಂದು ಎಳೆಯನ್ನು ಲೋಟದ ಹಾಲಿನಲ್ಲಿ ಮುಳುಗಿಸುವುದು. ಅದರ ಒಳಗೆ ಒಂದು ತುದಿಯಿಂದ ಉಪ್ಪುನೀರನ್ನು ತೀರ ನಿಧಾನವಾಗಿ ಹರಿಸುವುದು. ಎಳೆಯ ಗೋಡೆಯೆಂದರೆ ಕಣ್ಣಿಗೆ ಕಾಣದ ತೂತುಗಳಿರುವ ಪೊರೆ. ಕೊಬ್ಬು, ಪ್ರೋಟೀನು ದೊಡ್ಡವು, ಹೊರಗೇ ಉಳಿಯುತ್ತವೆ. ಔಷಧಿಯ ಕಣ ಸಣ್ಣದು, ಪೊರೆ ದಾಟಿ ಒಳಗಿನ ನೀರಿಗೆ ಸೇರುತ್ತದೆ. ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುವ ಹನಿಗಳನ್ನು ಹಿಡಿದು, ಕ್ಷಾರ ಹಾಕಿ ಕಾಯಿಸಿ, ಕಬ್ಬಿಣದ ಲವಣ ಸೇರಿಸಿದರೆ ನೇರಳೆ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಔಷಧಿ ಹೆಚ್ಚು. ಊರಿನವರು ಆ ಎಳೆಯನ್ನು ದಾರ ಎಂದರು, ನನಗೂ ಅದೇ ರೂಢಿಯಾಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು, ಹೀಗೆ ನಾಲ್ಕು ಕಡೆ ಅಳೆಯಬೇಕಿತ್ತು. ಮೊದಲ ಮೂರು ಆಗ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ. ಒಂದು ಕಡೆ ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಲು ನನಗೆ ಆಗುತ್ತಿರಲಿಲ್ಲ. ಬಸ್ ಹತ್ತಿದರೆ ಇಳಿಯುವ ಆತುರ, ಇಳಿದರೆ ಹತ್ತುವ ಆತುರ.

ಹೋದಲ್ಲೆಲ್ಲ ಜನ ನನ್ನನ್ನು ಅನುಮಾನದಿಂದ ನೋಡಿದರು. ಹಾಲಿಗೆ ನೀರು ಹಾಕುವವರನ್ನು ಹಿಡಿಯಲು ಸರ್ಕಾರ ಕಳಿಸಿದ ಮನುಷ್ಯ ಎಂದು ಚನ್ನಗಿರಿಯಲ್ಲಿ ಸುದ್ದಿಯಾಯಿತು. ಬಸವಾಪಟ್ಟಣದ ಕಡೆಯಿಂದ ಹಾಲು ತರುತ್ತಿದ್ದ ಒಬ್ಬ ನನ್ನ ಲೋಟದೊಳಗೆ ಬಗ್ಗಿ ನೋಡಿ, "ಈ ದಾರ ನೀರನ್ನ ಹಿಡಿತೈತೇನ್ರೀ?" ಎಂದ.

"ಇಲ್ಲಪ್ಪ, ಔಷಧಿ ಹಿಡಿಯುತ್ತೆ."

"ಅಂದ್ರೆ ನೀರನ್ನ ಬಿಟ್ಟುಬಿಡ್ತೈತೆ?"

"ಬಿಡುತ್ತೆ."

"ಹಂಗಾದ್ರೆ ಒಳ್ಳೇ ದಾರ ಬಿಡ್ರಿ," ಎಂದು ನೆಮ್ಮದಿಯಿಂದ ಹೋದ.

ಮೂರೂ ಕಡೆ ಔಷಧಿ ಏರಿಸಿದ ಸಂಜೆಯ ಹಾಲು ಗಾಢ ನೇರಳೆ ಕೊಟ್ಟಿತು. ಮಾರನೆಯ ದಿನ ಬಣ್ಣ ಇಳಿಯಿತು, ಮೂರನೆಯ ದಿನಕ್ಕೆ ಬಹುತೇಕ ಹೋಯಿತು. ಮೂರೂ ಊರಿನ ಅಂಕಿಗಳು ಅಕ್ಕಪಕ್ಕ ಕೂತವು. ಹೊನ್ನಾಳಿಯ ಕಾಂಪೌಂಡರ್ ನನ್ನ ಸೋದರಮಾವನ ಸ್ನೇಹಿತ, ಅವರ ಮನೆಯಲ್ಲೇ ನನ್ನ ಊಟ. ಅವರನ್ನು ಅನುಮಾನಿಸುವ ಪ್ರಶ್ನೆಯೇ ಬರಲಿಲ್ಲ ಎಂಬುದನ್ನು ಇಲ್ಲಿ ಬರೆದುಬಿಡುತ್ತೇನೆ.

ಜಗಳೂರಿಗೆ ಹೊರಡುವ ಹೊತ್ತಿಗೆ ದಾರ ಮುಗಿಯುತ್ತ ಬಂದಿತ್ತು. ಅದು ಹತ್ತಿಯ ನಾರಿನಿಂದ ಮಾಡಿದ ಪೊರೆ, ಒಣಗಿದರೆ ಒಣಹುಲ್ಲಿನಂತೆ ಮುರಿಯುತ್ತಿತ್ತು. ಸದಾ ನೀರಿನ ಬಾಟಲಿಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿರುಗಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರಿಗೆ ಇನ್ನೊಂದು ಕೊಳವೆ ಸಿಕ್ಕಿತು. ಇದರ ದಾರ ಬೇರೆ ಪದಾರ್ಥದ್ದು, ಒಂದು ಜಾತಿಯ ಪ್ಲಾಸ್ಟಿಕ್. ಎಳೆದರೂ ಹರಿಯದು. "ಜಗಳೂರು ದೂರ, ರಸ್ತೆ ಹೇಗೋ ಏನೋ, ಇದನ್ನು ತಗೊಂಡು ಹೋಗು. ತೂತಿನ ಅಳತೆ ಎರಡಕ್ಕೂ ಒಂದೇ," ಎಂದರು.

ಹೊಸ ದಾರವನ್ನು ನಾನು ಹಾಗೆಯೇ ಒಯ್ಯಲಿಲ್ಲ. ಔಷಧಿ ಕರಗಿಸಿದ ನೀರಿನಲ್ಲಿ ಹಳೆಯದನ್ನೂ ಹೊಸದನ್ನೂ ಇಳಿಬಿಟ್ಟು ನೋಡಿದೆ, ಎರಡರಲ್ಲೂ ಒಂದೇ ಬಣ್ಣ ಬಂತು. ನನಗಿರುವ ನೆನಪು ಇದು. ಆದರೆ ಆಗಿನ ನೋಟ್‌ಬುಕ್ಕಿನಲ್ಲಿ "ಪರೀಕ್ಷಿಸಿದೆ" ಎಂಬ ಒಂದೇ ಪದವಿದೆ. ಅಂಕಿ ಇಲ್ಲ. ಅಂಕಿ ಬರೆಯದೆ ಮುಂದಕ್ಕೆ ಹೋಗುವ ಜಾಯಮಾನ ನನ್ನದಲ್ಲ. ಹಾಗಾಗಿ ಆ ಪರೀಕ್ಷೆ ನಡೆಯಿತೇ, ಅಥವಾ ಆಮೇಲೆ ನನ್ನ ಮನಸ್ಸು ನನಗಾಗಿ ನಡೆಸಿಕೊಟ್ಟಿತೇ ಎಂದು ಖಚಿತವಾಗಿ ಹೇಳಲಾರೆ.

ಜಗಳೂರಿನಾಚೆಯ ಆ ಹಳ್ಳಿಯಲ್ಲಿ ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಕಾಂಪೌಂಡರೇ ಎಲ್ಲ. ಐವತ್ತು ದಾಟಿದ ಬಡಕಲು ಆಸಾಮಿ, ಖಾಕಿ ಅಂಗಿ, ಮಾತು ಕಡಿಮೆ. ಔಷಧಿ ಬೀರುವಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಜನ ಅವನನ್ನೇ ಡಾಕ್ಟ್ರೇ ಎಂದು ಕರೆಯುತ್ತಿದ್ದರು, ಆತ ತಿದ್ದುತ್ತಿರಲಿಲ್ಲ. ಇದು ನನಗೆ ಮೊದಲ ದಿನವೇ ಹಿಡಿಸಲಿಲ್ಲ.

ಊರ ಕೆಳಗಿನ ಓಣಿಯಲ್ಲಿ ಒಬ್ಬ ವಿಧವೆಯ ಎಮ್ಮೆಗೆ ಬಾವು ಬಂದಿತ್ತು. ಅರವತ್ತರ ಹೆಂಗಸು, ಬಾಯಿ ಜೋರು. ಆತ ಪುಡಿಯ ಬಾಟಲಿಗೆ ಕಾಯಿಸಿ ಆರಿಸಿದ ನೀರು ಹಾಕಿ, ನಮಗೆ ಬೆನ್ನು ಮಾಡಿ ಕುಲುಕಿ, ಎಮ್ಮೆಯ ಮೊಲೆತೊಟ್ಟಿಗೆ ಏರಿಸಿದ. ಸಂಜೆಯ ಹಾಲು ತಂದು ಹೊಸ ದಾರ ಇಳಿಬಿಟ್ಟೆ. ಹನಿ ಹಿಡಿದೆ, ಕಾಯಿಸಿದೆ, ಲವಣ ಹಾಕಿದೆ. ಬಣ್ಣ ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ, ಕುಂಕುಮ ತೊಳೆದ ನೀರನ್ನು ಇನ್ನೊಂದು ಸಲ ತೊಳೆದ ಹಾಗೆ ತುಸು ಕೆಂಪು ಛಾಯೆ. ಇನ್ನೂ ಎರಡು ಎಮ್ಮೆಗಳ ಹಾಲು ನೋಡಿದೆ. ಅದೇ ಕಥೆ. ಹೊನ್ನಾಳಿಯಲ್ಲಿ ಬಂದದ್ದರ ಕಾಲು ಭಾಗವೂ ಇರಲಿಲ್ಲ.

ಔಷಧಿ ಎಮ್ಮೆಗೆ ಹೋಗಿಲ್ಲ ಎಂದರೆ ಎಲ್ಲಿಗೆ ಹೋಯಿತು? ಅಂದಿನಿಂದ ಅವನನ್ನು ಕಾಯತೊಡಗಿದೆ. ಬಾಟಲಿ ಕುಲುಕುವಾಗ ಯಾಕೆ ಬೆನ್ನು ಮಾಡುತ್ತಾನೆ? ಖಾಲಿ ಬಾಟಲಿಗಳನ್ನು ಯಾಕೆ ಚೀಲದಲ್ಲಿ ಮನೆಗೆ ಒಯ್ಯುತ್ತಾನೆ? ನಾನು ಒಳಗೆ ಬಂದ ಕೂಡಲೇ ಬೀರು ಯಾಕೆ ಹಾಕುತ್ತಾನೆ? ಒಂದು ದಿನ ಆತ ಸೈಕಲ್ ತಳ್ಳಿಕೊಂಡು ಹೊರಟಾಗ ಕುರಿ ರೊಪ್ಪದ ತನಕ ಹಿಂದೆಯೇ ನಡೆದುಹೋದೆ. ಆತ ಕುರಿಯವನೊಬ್ಬನಿಗೆ ಕಾಗದದ ಪೊಟ್ಟಣ ಕೊಟ್ಟ. ಅದರಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲೆ ಅಡಿಕೆಯೇ ಇದ್ದಿರಬಹುದು. ಆ ದಿನ ಮಾತ್ರ ನನಗೆ ಎಲ್ಲ ಗೊತ್ತಿತ್ತು.

ಕೇಳಿಯೂಬಿಟ್ಟೆ. "ಕುಲುಕುವಾಗ ಆ ಕಡೆ ತಿರುಗುತ್ತೀರಲ್ಲ, ಯಾಕೆ?"

"ಗಾಳಿ, ಸಾರ್. ನಮ್ಮ ಕಡೆ ಗಾಳಿ ಧೂಳು ಹೊತ್ಕಂಡೇ ಬರೋದು. ಬಾಟ್ಲಿ ಬಾಯಾಗೆ ಧೂಳು ಬೀಳಬಾರ್ದು."

"ಖಾಲಿ ಬಾಟಲಿ?"

"ಓಣಿ ಹೆಂಗಸ್ರು ಕೇಳ್ತಾರೆ, ಎಣ್ಣೆ ಇಡಾಕೆ. ತೊಳೆದು ಕೊಡ್ತೀನಿ. ಯಾಕ್ ಸಾರ್, ನಿಮಗೂ ಒಂದು ಬೇಕಾ?"

ಉತ್ತರ ಇಷ್ಟು ಸಲೀಸಾಗಿ ಬಂದದ್ದೇ ನನಗೆ ಸಾಕ್ಷಿಯಾಯಿತು. ಪ್ರಾಮಾಣಿಕನಾದವನು ಸ್ವಲ್ಪವಾದರೂ ತಡವರಿಸುತ್ತಾನೆ ಎಂದುಕೊಂಡೆ.

ಉಳಿದೆರಡು ಎಮ್ಮೆಗಳ ಮನೆಯವರಿಗೆ ಹೇಳಿದೆ, ಆ ವಿಧವೆಗೂ ಹೇಳಿದೆ. ನೇರವಾಗಿ ಹೇಳಲಿಲ್ಲ, ನಿಮ್ಮ ಎಮ್ಮೆ ಹಾಲಿನಲ್ಲಿ ಔಷಧಿಯೇ ಸರಿಯಾಗಿ ಕಾಣಲಿಲ್ಲ ಎಂದೆ. ಆ ಊರುಗಳ ಕಡೆ ಒಂದು ಪದ್ಧತಿ ಇತ್ತು. ಎಮ್ಮೆಗೆ ಔಷಧಿ ಹಾಕಿಸಿದರೆ ಆ ಹಾಲನ್ನು ಮನೆಯ ಗಡಿಗೆಯಲ್ಲಿ ಹೆಪ್ಪು ಹಾಕುತ್ತಿರಲಿಲ್ಲ. ಬೇರೆ ಚಿಕ್ಕ ಕುಡಿಕೆಯಲ್ಲಿ ಒಂದಿಷ್ಟು ಹಾಕಿಡುವರು. ಅದು ಮೊಸರಾದ ದಿನ ಎಮ್ಮೆ ಶುದ್ಧವಾಯಿತು ಎಂದು ಲೆಕ್ಕ. ಹೆಪ್ಪು ಹಿಡಿಸುವ ಜೀವಾಣುಗಳನ್ನೂ ಔಷಧಿ ಕೊಲ್ಲುತ್ತದೆ, ಆದ್ದರಿಂದ ಲೆಕ್ಕ ಸರಿಯೇ. ಆಕೆ ಒಳಗೆ ಹೋಗಿ ಕುಡಿಕೆ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಎರಡು ದಿನದ ಹಾಲು, ತೆಳ್ಳಗೆ ಹಾಲಾಗಿಯೇ ಇತ್ತು.

"ನೋಡಪ್ಪಾ ತಮ್ಮ, ನಿನ್ನ ದಾರದಾಗೆ ಔಷಧಿ ಇಲ್ಲ ಅಂತೀಯ, ನನ್ನ ಕುಡಿಕ್ಯಾಗೆ ಐತಲ್ಲ!"

"ಹೆಪ್ಪಾಗದೇ ಇರೋಕೆ ನೂರು ಕಾರಣ ಇರುತ್ತೆ ಅಜ್ಜಿ. ಕುಡಿಕೆ ಸರಿ ತೊಳೆದಿಲ್ಲದಿದ್ದರೂ..."

"ಏನಂದಿ? ನಲವತ್ತು ವರ್ಷ ಆತು ನಾನು ಹೆಪ್ಪು ಹಾಕಾಕೆ ಹತ್ತಿ. ಕುಡಿಕೆ ತೊಳೆಯಾದು ಕಾಲೇಜಿನಾಗೆ ಕಲಿಸಿದ್ರಾ ನಿನಗೆ?"

ಕಾಂಪೌಂಡರ್ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ನಗಲಿಲ್ಲ. ನಾನು ಏನು ಹೇಳುತ್ತಿದ್ದೇನೆ ಎಂಬುದು ಅವನಿಗೆ ಆ ಗಳಿಗೆಯಲ್ಲೇ ತಿಳಿಯಿತು ಎನಿಸುತ್ತದೆ.

ಜಗಳೂರಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಅವನ ಮೇಲಧಿಕಾರಿಗೆ ಕಾಗದ ಬರೆದೆ. ನಾಲ್ಕು ಊರಿನ ಅಂಕಿಗಳನ್ನು ಕೋಷ್ಟಕ ಮಾಡಿ ಹಾಕಿದೆ. ಮೂರು ಊರಿನಲ್ಲಿ ಒಂದು ದಾರ, ನಾಲ್ಕನೆಯದರಲ್ಲಿ ಇನ್ನೊಂದು ಎಂದು ಬರೆಯಲಿಲ್ಲ. ಮುಚ್ಚಿಟ್ಟದ್ದಲ್ಲ. ಅದು ಹೇಳಬೇಕಾದ ಸಂಗತಿ ಎಂದೇ ಹೊಳೆಯಲಿಲ್ಲ.

ಅಥವಾ ಹೊಳೆದಿತ್ತೇ? ನೋಟ್‌ಬುಕ್ಕಿನ ಜಗಳೂರಿನ ಪುಟದಲ್ಲಿ ಎಲ್ಲ ಶಾಯಿಯಲ್ಲಿದೆ, ಒಂದು ಸಾಲು ಮಾತ್ರ ಪೆನ್ಸಿಲಿನಲ್ಲಿ: "ಒಂದೇ ಲೋಟದ ಹಾಲು, ಬೆಳಗಿನ ಹನಿಗಿಂತ ಮಧ್ಯಾಹ್ನದ ಹನಿ ಗಾಢ." ಹಾಲಿನಲ್ಲಿ ಔಷಧಿ ಹೆಚ್ಚಾಗಲು ಸಾಧ್ಯವಿಲ್ಲ. ಬದಲಾದದ್ದು ಏನಾದರೂ ಇದ್ದರೆ ಅದು ದಾರ. ಆ ಸಾಲನ್ನು ಅಂದೇ ಬರೆದಿದ್ದರೆ, ಕಾಗದ ಹಾಕುವ ಮುಂಚೆಯೇ ಉತ್ತರ ನನ್ನ ಕೈಯಲ್ಲಿತ್ತು. ಆಮೇಲೆ ಬರೆದಿದ್ದರೆ ನಾನು ಬರೀ ದಡ್ಡ. ಇಷ್ಟು ವರ್ಷಗಳಲ್ಲಿ ಎರಡನ್ನೂ ನಂಬಿದ್ದೇನೆ, ಆಯಾ ದಿನದ ಮನಸ್ಸಿಗೆ ತಕ್ಕಂತೆ.

ಹದಿನೈದು ದಿನ ಕಳೆದು ಇನ್ನೊಂದು ಸುತ್ತಿನ ಅಳತೆಗೆ ಹೊನ್ನಾಳಿಗೆ ಹೋದೆ. ಹಳೆಯ ದಾರದ ಬಾಟಲಿಯ ಮುಚ್ಚಳ ದಾರಿಯಲ್ಲಿ ಸಡಿಲವಾಗಿ ನೀರೆಲ್ಲ ಚೀಲಕ್ಕೆ ಸೋರಿಹೋಗಿತ್ತು. ದಾರ ಒಣಗಿ ಪುಡಿಪುಡಿ, ತಳದ ಒದ್ದೆಯಲ್ಲಿ ಬಿದ್ದಿದ್ದ ಎರಡು ಎಳೆ ಮಾತ್ರ ಉಳಿದಿದ್ದವು. ಅವನ್ನು ನೀರಿಗೆ ಹಾಕಿ ತೆಗೆದಿಟ್ಟು ಹೊಸ ದಾರದಿಂದಲೇ ಅಳೆದೆ. ಮಾವನ ಸ್ನೇಹಿತರು ನನ್ನ ಕಣ್ಣೆದುರೇ ಇಡೀ ಬಾಟಲಿ ಔಷಧಿ ಏರಿಸಿದ್ದರು. ಸಂಜೆಯ ಹಾಲು ಕೊಟ್ಟದ್ದು ಜಗಳೂರಿನ ಅದೇ ತೊಳೆದ ಕುಂಕುಮದ ಬಣ್ಣ.

ನನ್ನ ಮೊದಲ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ: ಇವರೂ ಶುರು ಮಾಡಿದರಾ? ಅವರ ಮನೆಯಲ್ಲಿ ಅವರ ಹೆಂಡತಿ ಬಡಿಸಿದ ರೊಟ್ಟಿ ತಿನ್ನುತ್ತ ಅವರ ಕೈಯನ್ನೇ ನೋಡುತ್ತಿದ್ದೆ. ಮಾರನೆಯ ದಿನ ನ್ಯಾಮತಿಗೆ ಹೋದೆ. ಅಲ್ಲಿಯೂ ಅಷ್ಟೇ. ನ್ಯಾಮತಿಯಿಂದ ವಾಪಸು ಬರುವ ಬಸ್ಸಿನಲ್ಲಿ ನಿಂತಿದ್ದಾಗ ತಲೆಯಲ್ಲಿ ಲೆಕ್ಕ ನಿಚ್ಚಳವಾಯಿತು. ಜಗಳೂರು, ಹೊನ್ನಾಳಿ, ನ್ಯಾಮತಿ, ಮೂರೂ ಕಡೆಯ ಕಾಂಪೌಂಡರುಗಳು ಒಂದೇ ಪಾಲು ಕದಿಯುವ ಕಳ್ಳರಾಗಬೇಕು, ಇಲ್ಲವೇ ಕಳ್ಳ ನನ್ನ ಚೀಲದಲ್ಲಿದ್ದಾನೆ.

ಹೊನ್ನಾಳಿಯಲ್ಲಿ ಒಂದೇ ಲೋಟದ ಹಾಲಿಗೆ ಎರಡು ದಾರ ಇಳಿಬಿಟ್ಟೆ. ಹತ್ತಿಯ ದಾರದ ಹನಿ ಗಾಢ ನೇರಳೆ. ಪ್ಲಾಸ್ಟಿಕ್ ದಾರದ್ದು ಬಿಳಿಚಿಕೊಂಡಿತ್ತು. ಆಮೇಲೆ ಪ್ಲಾಸ್ಟಿಕ್ ದಾರವನ್ನು ಹಾಲಿನಿಂದ ತೆಗೆದು ತೊಳೆದು, ಅದರ ಒಳಗೆ ಕಡು ಉಪ್ಪುನೀರು ಹರಿಸಿದೆ. ಆ ಹನಿಗಳನ್ನು ಕಾಯಿಸಿ ಲವಣ ಹಾಕಿದಾಗ ನೇರಳೆ ಬಣ್ಣ ಎದ್ದು ಬಂತು. ಹಾಲಿನ ಹತ್ತಿರವೇ ಇಲ್ಲದ ದಾರದಿಂದ ಔಷಧಿ ಇಳಿಯುತ್ತಿತ್ತು.

ತೂತಿನ ಅಳತೆ ಒಂದೇ ಎಂಬ ಮಾತು ನಿಜವೇ ಆಗಿತ್ತು. ಆದರೆ ತೂತಿನ ಸುತ್ತ ಇರುವ ಗೋಡೆ ಯಾವ ಪದಾರ್ಥದ್ದು ಎಂದು ನಾವು ಯಾರೂ ಕೇಳಿರಲಿಲ್ಲ. ಆ ಪ್ಲಾಸ್ಟಿಕ್ಕಿನ ಮೈಮೇಲೆ ಋಣ ವಿದ್ಯುದಂಶ, ಔಷಧಿಯ ಕಣದ ಮೇಲೆ ಧನ ವಿದ್ಯುದಂಶ. ದಾಟಿ ಹೋಗಬೇಕಾದ ಕಣಗಳನ್ನು ಗೋಡೆಯೇ ಹಿಡಿದಿಟ್ಟುಕೊಳ್ಳುತ್ತಿತ್ತು. ಗಂಟೆಗಟ್ಟಲೆ ಬಿಟ್ಟರೆ ಗೋಡೆಯಲ್ಲಿ ಜಾಗ ತುಂಬಿ ಒಂದಿಷ್ಟು ಒಳಗೆ ಬರುತ್ತಿತ್ತು, ಮಧ್ಯಾಹ್ನದ ಹನಿ ಗಾಢವಾದದ್ದು ಅದಕ್ಕೆ. ನಾನು ಮೊದಲು ನೀರಿನಲ್ಲಿ ಪರೀಕ್ಷಿಸಿದ್ದು ನಿಜವಾದರೆ, ಆ ದ್ರಾವಣ ತೀರ ದಟ್ಟವಾಗಿದ್ದಿರಬೇಕು. ಗೋಡೆ ಹಿಡಿದುಕೊಂಡದ್ದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮೇಷ್ಟ್ರಿಗೆ ಕಾಗದ ಬರೆದೆ. ಅವರು ಖುಷಿಪಟ್ಟರು. ಇದೇ ಒಂದು ಪ್ರಬಂಧಕ್ಕೆ ಸಾಕು ಎಂದು ಉತ್ತರ ಬಂತು. ಕಾಂಪೌಂಡರಿನ ವಿಷಯ ಅದರಲ್ಲಿರಲಿಲ್ಲ. ನಾನು ನನ್ನ ಕಾಗದದಲ್ಲಿ ಅವನ ವಿಷಯ ಬರೆದಿದ್ದೆನೋ ಇಲ್ಲವೋ.

ಜಗಳೂರಿನಾಚೆಗೆ ಮತ್ತೆ ಹೋದಾಗ ಆಸ್ಪತ್ರೆಯ ಬಾಗಿಲು ಹಾಕಿತ್ತು. ಆತ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬೀಗದ ಕೈ ಈಗ ಡಾಕ್ಟರ ಹತ್ತಿರ, ಅವರು ಬರುವ ಎರಡು ದಿನ ಮಾತ್ರ ಬೀರು ತೆಗೆಯುತ್ತಿದ್ದರು. ವಿಚಾರಣೆ ಮುಗಿಯುವವರೆಗೆ ಆತ ಯಾವ ದನಕ್ಕೂ ಕೈ ಹಾಕುವಂತಿರಲಿಲ್ಲ. ಮುಂದಿನ ತಿಂಗಳು ಕೆಲಸದಿಂದ ತೆಗೆಯುವ ಆದೇಶ ಬರುತ್ತದೆಂದು ಊರಿನಲ್ಲೆಲ್ಲ ಮಾತಾಗಿತ್ತು.

ದೂರು ಹಿಂತೆಗೆದುಕೊಳ್ಳುವ ಕಾಗದವನ್ನು ಬರೆದೇ ತಂದಿದ್ದೆ. ಕೊಟ್ಟೆ. ನಿಧಾನವಾಗಿ, ತುಟಿ ಆಡಿಸುತ್ತ ಎರಡು ಸಲ ಓದಿದ.

"ಇದನ್ನ ಆಫೀಸಿಗೆ ಕಳಿಸ್ತೀರಿ, ಅಲ್ಲೇನ್ರಿ?"

"ಇವತ್ತೇ ಹಾಕ್ತೀನಿ."

"ಹಾಕ್ರಿ. ಆಫೀಸಿಗೆ ಇದು ಮುಟ್ತೈತೆ. ಓಣಿಗೆ ಯಾರು ಮುಟ್ಟಿಸ್ತಾರೆ?"

ಅರ್ಥವಾಗಲಿಲ್ಲ ಎಂಬಂತೆ ನಿಂತೆ. ಅರ್ಥವಾಗಿತ್ತು.

"ನಾನು ನೀರು ಏರಿಸ್ತೀನಿ ಅಂತ ಈಗ ಸಣ್ಣ ಮಕ್ಕಳೂ ಅಂತಾವೆ. ಕೀಲಿ ಕೈ ವಾಪಸ್ ಬಂದ್ರೂ ದನ ಹೊಡ್ಕಂಡು ನನ್ನತ್ರ ಯಾರ್ ಬರ್ತಾರೆ? ಬರ್ರಿ, ನೀವೇ ಹೇಳ್ರಿ. ಮನಿ ಮನಿಗೆ ಹೇಳ್ರಿ."

ಓಣಿಗೆ ಇಳಿದೆವು. ಹತ್ತು ಮನೆಯಲ್ಲಿ ಹೇಳಿದೆ ಎಂದು ನನ್ನ ನೆನಪು. ಆದರೆ ಎಷ್ಟು ಲೆಕ್ಕ ಹಾಕಿದರೂ ಆ ಓಣಿಯಲ್ಲಿದ್ದದ್ದು ಆರು ಮನೆ. ಮೊದಲ ಮನೆಯಲ್ಲಿ "ನನ್ನದು ತಪ್ಪಾಯಿತು, ಇವರು ಔಷಧಿ ಪೂರ್ತಿ ಹಾಕಿದ್ದರು" ಎಂದೆ. ಎರಡನೆಯದರಲ್ಲಿಯೂ ಹಾಗೆಯೇ. ಮೂರನೆಯ ಮನೆಯ ಹೊತ್ತಿಗೆ ಮಾತು ತಾನಾಗಿ ಜಾರಿತು: "ನಮ್ಮ ಯಂತ್ರ ತಪ್ಪು ತೋರಿಸಿತ್ತು."

ಆತ ನನ್ನ ಹಿಂದೆ ನಿಂತಿದ್ದ. "ಯಂತ್ರ ಕಾಗದ ಬರೀಲಿಲ್ಲ, ಸಾರ್."

ತಿದ್ದಿ ಹೇಳಿದೆ. ಮುಂದಿನ ಮನೆಗಳಲ್ಲಿ ಜಾರಲಿಲ್ಲ. ಎಲ್ಲರೂ ತಲೆ ಅಲ್ಲಾಡಿಸಿದರು. ಯಾರು ನಂಬಿದರು ಎಂದು ಮುಖ ನೋಡಿ ತಿಳಿಯುವ ಹಾಗಿರಲಿಲ್ಲ. ಮೊದಲ ಸಲ ನಾನು ಹೇಳಿದ್ದನ್ನು ನಂಬಿದವರು ಎರಡನೆಯ ಸಲವೂ ಯಾಕೆ ನಂಬಬೇಕು? ಏನೋ ಕೊಟ್ಟು ಇವನ ಬಾಯಿ ಮುಚ್ಚಿಸಿ ಕರೆತಂದಿದ್ದಾರೆ ಎಂದು ಯಾರಾದರೂ ಅಂದುಕೊಂಡರೆ ತಪ್ಪೇನು? ನಾನಾಗಿದ್ದರೆ ಹಾಗೆಯೇ ಅಂದುಕೊಳ್ಳುತ್ತಿದ್ದೆ. ವಿಧವೆ ಒಬ್ಬಳೇ ಬಾಯಿಬಿಟ್ಟಳು. "ನಂಗ್ಯಾಕೆ ಹೇಳ್ತೀಯಪ್ಪ? ನಾನು ಅವತ್ತೇ ಹೇಳಿರಲಿಲ್ಲೇನು?" ಎಂದು ಒಳಗೆ ಹೋದಳು.

ತಿಂಗಳೊಪ್ಪತ್ತಿನಲ್ಲಿ ವಿಚಾರಣೆ ಮುಚ್ಚಿತು, ಬೀಗದ ಕೈ ಅವನ ಉಡಿದಾರಕ್ಕೆ ಮರಳಿತು. ಆಮೇಲೆ ನಾನು ಕೊನೆಯ ಅಳತೆಗೆಂದು ಒಮ್ಮೆ ಹೋದೆ. ಓಣಿಯ ಕೊನೆಯ ಮನೆಯಲ್ಲಿ ಒಂದು ಎಮ್ಮೆಗೆ ಬಾವು. ಅವನ ಜೊತೆ ನಡೆದೆ. ಕೊಟ್ಟಿಗೆಯಲ್ಲಿ ಆತ ಬಾಟಲಿ ಹೊರತೆಗೆದು ತಕ್ಷಣ ಮುಚ್ಚಳ ಬಿಚ್ಚಲಿಲ್ಲ. ಎಮ್ಮೆಯ ಒಡತಿಯ ಕೈಗೆ ಕೊಟ್ಟ.

"ನೋಡವ್ವ, ಮುಚ್ಚಳ ಸರಿ ಐತಾ?"

ಆ ಹೆಂಗಸಿಗೆ ಇದು ಹೊಸದಲ್ಲ ಎಂದು ಕಂಡಿತು. ಬಾಟಲಿಯನ್ನು ತಿರುಗಿಸಿ ನೋಡಿದಳು, ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದಳು.

"ಐತೆ."

"ಪುಡಿ?"

"ಐತಪ್ಪ. ದಿನಾ ಇದೇನು ನಿಂದು? ನಮಗೆ ನಂಬಿಕೆ ಇಲ್ಲೇನು?"

ಆತ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನತ್ತ ಚಾಚಿದ.

"ನೋಡಿದೆ," ಎಂದೆ ನಿಂತಲ್ಲಿಂದಲೇ.

"ಹಂಗಲ್ಲ. ಕೈಯಾಗೆ ಹಿಡ್ಕಂಡು ನೋಡ್ರಿ."

ಹಿಡಿದುಕೊಂಡೆ. ಗಾಜು ಅವನ ಕೈಯ ಬಿಸಿಗೆ ಬೆಚ್ಚಗಿತ್ತು. ಎಮ್ಮೆ ನೋವಿಗೆ ಕಾಲು ಬದಲಿಸುತ್ತಿತ್ತು. ನಾನು ಸರಿಯಾಗಿದೆ ಎಂದು ಬಾಯಿಬಿಟ್ಟು ಹೇಳುವವರೆಗೂ ಆತ ಕೈ ಚಾಚಿಕೊಂಡು ನಿಂತೇ ಇದ್ದ.